ಕೂಡಿಟ್ಟದ್ದು ಎಷ್ಟು ತಿಂಗಳ ರೊಟ್ಟಿ?



ನಮ್ಮ ಅಣ್ಣನ ಮಗ ರಾಯಚೂರಿನಲ್ಲಿ ಹೊರಗುತ್ತಿಗೆಯ ಕಂಪ್ಯೂಟರ್ ಆಪರೇಟರ್ ಆಗಿದ್ದ. ಸಂಬಳ 20 ಸಾವಿರ. ಗುತ್ತಿಗೆದಾರ ಬದಲಾದ, ಹೊಸ ಪಟ್ಟಿಯಲ್ಲಿ ಇವನ ಹೆಸರಿರಲಿಲ್ಲ. ಇಪ್ಪತ್ತು ದಿನ ಮನೆಯಲ್ಲಿ ಹೇಳಲಿಲ್ಲ. ಬೆಳಿಗ್ಗೆ ಬುತ್ತಿ ಕಟ್ಟಿಸಿಕೊಂಡು ಹೋಗಿ, ಸಂಜೆಯವರೆಗೆ ರೈಲು ನಿಲ್ದಾಣದಲ್ಲಿ ಕೂತು ಬರುತ್ತಿದ್ದ. ಕೊನೆಗೆ ನನ್ನ ಬಳಿ ಬಂದ. "ಕಾಕಾ, ಇದ್ದ ರೊಕ್ಕದಾಗ ಎಷ್ಟ್ ದಿನ ದೂಡಬಹುದ್ರಿ?" ಎಂದು ಕೇಳಿದ.

ಕಾಗದ ತೆಗೆದು ಕೂತೆವು. ಬಾಡಿಗೆ 5,000. ದಿನಸಿ, ಹಾಲು, ಗ್ಯಾಸು 6,500. ತಾಯಿಯ ಔಷಧ 1,500, ಮಗನ ಶಾಲೆ 1,500, ಬೈಕಿನ ಕಂತು 2,500, ಕರೆಂಟು, ಮೊಬೈಲು, ಪೆಟ್ರೋಲು 1,000. ಒಟ್ಟು 18,000. ಬ್ಯಾಂಕಿನಲ್ಲಿ ಇದ್ದದ್ದು 54,000. ಅಂದರೆ ಮೂರು ತಿಂಗಳು. ಕೈ ಬಿಗಿ ಹಿಡಿದರೆ ಮೂರೂವರೆ.

"ದೇವದುರ್ಗದಾಗ ಸೈಟ್ ಐತಲ್ರಿ" ಎಂದ. ನನ್ನ ಮುಖ ಸಣ್ಣದಾಯಿತು. ಆ ಸೈಟು ತಗೋ ಎಂದು ಒತ್ತಾಯ ಮಾಡಿದವನು ನಾನೇ. ತಿಂಗಳ ಮೊದಲಿಗೆ ಪಿಂಚಣಿ ಎಣಿಸುವ ನನಗೆ, ಸಂಬಳ ನಿಂತ ಮನೆಯ ಲೆಕ್ಕ ಹೊಳೆದಿರಲಿಲ್ಲ.

ನೀರಾವರಿ ಇಲಾಖೆಯಲ್ಲಿ ಆಯುಷ್ಯ ಕಳೆದವನು ನಾನು. ಜಲಾಶಯದ ತೂಬಿಗಿಂತ ಕೆಳಗಿರುವ ನೀರಿಗೆ ಡೆಡ್ ಸ್ಟೋರೇಜ್ ಎನ್ನುತ್ತೇವೆ. ಕಣ್ಣಿಗೆ ಕಾಣುತ್ತದೆ, ಕಾಲುವೆಗೆ ಹರಿಯುವುದಿಲ್ಲ. ಸೈಟು, ಮದುವೆಯ ಬಂಗಾರ ಇಂಥವೇ. ಅವಸರಕ್ಕೆ ಮಾರಿದರೆ ಕಡಿಮೆ ಬೆಲೆ, ಅಡವಿಟ್ಟರೆ ಬಡ್ಡಿ. ತಕ್ಷಣ ಕೈಗೆ ಸಿಗುವ ಹಣವೇ ಹರಿಯುವ ನೀರು.

ತುಂಬಿದ ಜಲಾಶಯವನ್ನೂ ನಂಬುವಂತಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟಿನ ಸರಪಳಿ ತುಂಡಾಗಿ ನೀರು ಹೊಳೆಗೆ ಹರಿದಾಗ, ಎಡದಂಡೆ ಕಾಲುವೆಯನ್ನೇ ನಂಬಿದ ಮಾನ್ವಿಯ ರೈತರ ಎದೆ ನಡುಗಿದ್ದು ನೆನಪಿದೆಯಲ್ಲ? ನೌಕರಿಯೂ ಹಾಗೆಯೇ. ನಮ್ಮ ಹಟ್ಟಿ ಗಣಿ ಇಂದಿಗೂ ನಡೆದಿದೆ. ಆದರೆ ನೂರಕ್ಕೂ ಹೆಚ್ಚು ವರ್ಷ ಚಿನ್ನ ಕೊಟ್ಟ ಕೋಲಾರದ ಗಣಿ 2001ರ ಫೆಬ್ರುವರಿ 28ರಂದು ಮುಚ್ಚಿತು. ಗಣಿಯ ಊರಿನವರು ದಿನಾ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗಬೇಕಾಯಿತು.

ಕೂಡಿಡುವುದು ಶರಣ ಧರ್ಮಕ್ಕೆ ಒಪ್ಪುತ್ತದೆಯೇ ಎಂದು ಕೆಲವರು ಕೇಳುತ್ತಾರೆ. ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದವರೆಂದು ಹೇಳಲಾಗುವ ಆಯ್ದಕ್ಕಿ ಲಕ್ಕಮ್ಮ, ಗಂಡ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಅದನ್ನು ಹಿಂದಕ್ಕೆ ಕಳಿಸಿದವಳು. ನಿಜ. ಆದರೆ ಅವಳು ತಡೆದದ್ದು ಆಸೆಯನ್ನು. ಮರುದಿನದ ಅಕ್ಕಿಗೆ ಮರುದಿನದ ಕಾಯಕವಿತ್ತು. ಕಾಯಕವನ್ನೇ ಯಾರೋ ಕಿತ್ತುಕೊಂಡಾಗ ಮಕ್ಕಳು ಹಸಿಯದಿರಲೆಂದು ತೆಗೆದಿಟ್ಟ ಆರು ತಿಂಗಳ ಖರ್ಚು ದುರಾಸೆಯಲ್ಲ. ಅದಕ್ಕೂ ಮೀರಿದ್ದನ್ನು ದಾಸೋಹಕ್ಕೆ ಕೊಡೋಣ.

ನಮ್ಮ ನಿಜವಾದ ಸೋರಿಕೆ ಬೇರೆ ಕಡೆ ಇದೆ. ಆ ಹುಡುಗ ಮಗನ ಜವಳಕ್ಕೆಂದು 36 ಸಾವಿರ ತೆಗೆದಿಡಲು ಹೊರಟಿದ್ದ. "ಮಾಡದಿದ್ರ ಮಂದಿ ಏನಂತಾರ?" ಅದು ಎರಡು ತಿಂಗಳ ರೊಟ್ಟಿ. ಆ ಮಂದಿ ಎಂದರೆ ನಾವೇ ಅಲ್ಲವೇ? ಕೆಲಸ ಹೋದವನನ್ನು ಇಪ್ಪತ್ತು ದಿನ ರೈಲು ನಿಲ್ದಾಣದಲ್ಲಿ ಕೂರಿಸಿದ್ದೂ ನಮ್ಮ ಮಾತಿನ ಅಂಜಿಕೆಯೇ.

ಅಂದು ಸಂಜೆ ಅವನ ಜೊತೆ ಮನೆಗೆ ಹೋದೆ. ಸೊಸೆ ಬೈಯಲಿಲ್ಲ. "ಮೊದಲೇ ಹೇಳಿದ್ರ ಬುತ್ತಿ ಜೊತಿ ಕೂತು ಉಣ್ತಿದ್ವಿ" ಎಂದಳಷ್ಟೇ. ಜವಳವನ್ನು ಮನೆಮಟ್ಟಿಗೆ ಮುಗಿಸಿದರು. ಇಎಸ್‌ಐ ಕಟ್ಟಿದವರು ಕೆಲಸ ಕಳೆದುಕೊಂಡರೆ, ನಿಯಮಗಳಿಗೆ ಒಳಪಟ್ಟು ಸರಾಸರಿ ಕೂಲಿಯ ಅರ್ಧದಷ್ಟನ್ನು ಗರಿಷ್ಠ 90 ದಿನ ಕೊಡುವ ಅಟಲ್ ಬೀಮಿತ ವ್ಯಕ್ತಿ ಕಲ್ಯಾಣ ಯೋಜನೆಗೆ ಅರ್ಜಿ ಹಾಕಿಸಿದೆ. ಅವನಿನ್ನೂ ಕೆಲಸ ಹುಡುಕುತ್ತಿದ್ದಾನೆ.

ಬಂಧುಗಳೇ, ಈ ರಾತ್ರಿ ಗಂಡಹೆಂಡಿರು ಕೂಡಿ ಕೂತು, ನಿಮ್ಮ ಉಳಿತಾಯವನ್ನು ತಿಂಗಳ ಖರ್ಚಿನಿಂದ ಭಾಗಿಸಿ ನೋಡಿ. ಉತ್ತರ ಮೂರಕ್ಕಿಂತ ಕಡಿಮೆ ಬಂದರೆ ಮುಂದಿನ ಸಮಾರಂಭವನ್ನು ಸಣ್ಣದು ಮಾಡಿ. ಮಠದ ಮಾಸಿಕ ಗೋಷ್ಠಿಯಲ್ಲಿ ಕೆಲಸ ಹೋದವನು ನಾಚದೆ ಎದ್ದು ಹೇಳುವಂತಾಗಲಿ. ಕೇಳಿದವರು ಅವನ ಒಂದು ತಿಂಗಳ ಬಾಡಿಗೆಯನ್ನಾದರೂ ಹೊರಲಿ. ಅದೂ ದಾಸೋಹವೇ.