ಪ್ರತಿಭಾ ಪುರಸ್ಕಾರ ಜ್ಞಾನದಾನವೇ?

ಎಸ್.ಎಸ್.ಎಲ್.ಸಿ. ಫಲಿತಾಂಶ ಪ್ರಕಟವಾದ ಒಂದೆರಡು ತಿಂಗಳೊಳಗೆ ನಾಡಿನ ಬಹುತೇಕ ಸಮುದಾಯಗಳ ಸಂಘಸಂಸ್ಥೆಗಳು ಪ್ರತಿಭಾ ಪುರಸ್ಕಾರ ಸಮಾರಂಭಗಳನ್ನು ಏರ್ಪಡಿಸುವುದು ವಾಡಿಕೆಯಾಗಿದೆ. ಶೇಕಡಾ 90ಕ್ಕಿಂತ ಹೆಚ್ಚು ಅಂಕ ಪಡೆದ ಮಕ್ಕಳಿಂದ ಅಂಕಪಟ್ಟಿಯ ನಕಲುಗಳನ್ನು ತರಿಸಿಕೊಂಡು, ಅವರನ್ನು ವೇದಿಕೆಗೆ ಕರೆದು, ಹಾರ ಶಾಲು ಸ್ಮರಣಿಕೆಗಳೊಡನೆ ನಗದು ಲಕೋಟೆಯನ್ನಿತ್ತು, ಭಾವಚಿತ್ರ ತೆಗೆಸಿ ಕಳುಹಿಸಲಾಗುತ್ತದೆ. ಜೈನ ಸಮಾಜವೂ ಈ ವಾಡಿಕೆಗೆ ಹೊರತಲ್ಲ. ಇದಕ್ಕಾಗಿ ಮಾಡಿದ ವೆಚ್ಚವನ್ನು ಜ್ಞಾನದಾನವೆಂದೇ ಭಾವಿಸಿ ತೃಪ್ತಿಪಡುವವರು ಅನೇಕರು. ಈ ಭಾವನೆ ಸರಿಯೇ ಎಂಬುದು ವಿಚಾರಣೀಯ.

ಆಹಾರ, ಔಷಧ, ಶಾಸ್ತ್ರ, ಅಭಯ ಎಂದು ದಾನ ನಾಲ್ಕು ಬಗೆ. ಹಸಿದವನಿಗೆ ಅನ್ನ, ರೋಗಿಗೆ ಔಷಧ, ಅಂಜಿದವನಿಗೆ ಅಭಯ. ಯಾವುದು ಇಲ್ಲವೋ ಅದನ್ನು ಕೊಡುವುದೇ ಇಲ್ಲೆಲ್ಲ ಕಾಣುವ ಕ್ರಮ. ವಿದ್ಯೆಯ ವಿಷಯದಲ್ಲಿ ಮಾತ್ರ ಈ ಕ್ರಮ ತಲೆಕೆಳಗಾಗಿದೆ. 625 ಅಂಕಗಳಿಗೆ 600 ಪಡೆದ ಬಾಲಕನಿಗೆ ಒಳ್ಳೆಯ ಶಾಲೆಯಿದೆ, ಮನೆಪಾಠವಿದೆ, ಓದಿದ ತಂದೆತಾಯಿಗಳಿದ್ದಾರೆ. ಶಾಲು ಹೊದಿಸಲಿ ಬಿಡಲಿ, ಅವನು ಕಾಲೇಜಿಗೆ ಹೋಗಿಯೇ ಹೋಗುತ್ತಾನೆ. ಲೆಕ್ಕಪತ್ರ ಬಲ್ಲ ಯಾವ ವರ್ತಕನೂ ಇದನ್ನು ಬಂಡವಾಳವೆಂದು ಬರೆದುಕೊಳ್ಳಲಾರ. ಆಚಾರ್ಯ ಜಿನಸೇನರ ಆದಿಪುರಾಣದಲ್ಲಿ ದತ್ತಿಯನ್ನು ದಯಾದತ್ತಿ, ಪಾತ್ರದತ್ತಿ, ಸಮದತ್ತಿ, ಅನ್ವಯದತ್ತಿ ಎಂದು ವಿಂಗಡಿಸಲಾಗಿದೆ. ಸಮಾನರಾದವರನ್ನು ಆದರದಿಂದ ಗೌರವಿಸುವುದು ಸಮದತ್ತಿ. ಕಷ್ಟದಲ್ಲಿರುವ ಜೀವಿಯ ಭಯವನ್ನು ಕಳೆಯುವುದು ದಯಾದತ್ತಿ. ಪ್ರತಿಭಾ ಪುರಸ್ಕಾರವನ್ನು ಸಮದತ್ತಿಯೆಂದು ಕರೆದರೆ ಆಕ್ಷೇಪವಿಲ್ಲ. ಅದನ್ನು ಮಾಡಿ ಮುಗಿಸಿ, ದಯಾದತ್ತಿಯ ಋಣವೂ ತೀರಿತೆಂದು ಭಾವಿಸುವುದೇ ದೋಷ.

ಆ ಋಣ ಎಲ್ಲಿ ಉಳಿದಿದೆ ಎಂಬುದನ್ನು ಅರಿಯಲು ದೂರ ಹೋಗಬೇಕಾಗಿಲ್ಲ. ತಿಪಟೂರು ತಾಲ್ಲೂಕಿನ ಬಿಳಿಗೆರೆಯಂಥ ಗ್ರಾಮವನ್ನು ನೋಡಿದರೆ ಸಾಕು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಈ ಸೀಮೆಯ ಬದುಕೆಲ್ಲ ತೆಂಗಿನ ಮರದ ಮೇಲೆ ನಿಂತಿದೆ. ತಿಪಟೂರಿನ ಮಾರುಕಟ್ಟೆಗೆ ಬರುವ ಉಂಡೆ ಕೊಬ್ಬರಿಯ ಹಿಂದೆ ಸಿಪ್ಪೆ ಸುಲಿಯುವ, ಚಿಪ್ಪು ಒಡೆಯುವ, ಕೊಬ್ಬರಿಯನ್ನು ವಿಂಗಡಿಸಿ ಚೀಲ ತುಂಬುವ ನೂರಾರು ಕೈಗಳಿವೆ. ಕೊಬ್ಬರಿಗೆ ಬೆಲೆ ಕುಸಿದಾಗ ಸಣ್ಣ ಹಿಡುವಳಿದಾರನ ಮನೆಯಲ್ಲಿ ಮೊದಲು ನಿಲ್ಲುವುದು ಮಗಳ ಓದು. 2023ರಲ್ಲಿ ಕ್ವಿಂಟಲಿಗೆ 11,750 ರೂಪಾಯಿ ಬೆಂಬಲ ಬೆಲೆಯಿದ್ದರೂ ಪೇಟೆಯ ಬೆಲೆ ಅದಕ್ಕಿಂತ ಬಹಳ ಕೆಳಗಿಳಿದಿತ್ತು. ಬೆಲೆ ಏರಿದಾಗಲಾದರೂ ಮಗು ಶಾಲೆಯಲ್ಲಿ ಉಳಿಯುವುದೇ ಎಂದರೆ, ಆಗ ಕೆಲಸಕ್ಕೆ ಕೈ ಬೇಕೆಂಬ ಕರೆ ಬರುತ್ತದೆ. 2025ರಲ್ಲಿ ಅದೇ ಕೊಬ್ಬರಿ 20,000 ರೂಪಾಯಿಯನ್ನು ದಾಟಿತು. ದಿನಗೂಲಿಯ ನೋಟನ್ನು ಒಮ್ಮೆ ಕೈಯಲ್ಲಿ ಹಿಡಿದ ಹದಿನೈದರ ಹುಡುಗನಿಗೆ ಪಾಠದ ಪುಸ್ತಕ ರುಚಿಸುವುದು ಕಷ್ಟ. ಇಳಿಕೆಯ ನಷ್ಟ ಮಗುವಿನ ಪಾಲು, ಏರಿಕೆಯ ಲಾಭ ಮಂಡಿಯ ಪಾಲು ಎಂಬ ಈ ವ್ಯವಹಾರ ನ್ಯಾಯಸಮ್ಮತವಲ್ಲ.

ಕಾನೂನಿನ ನೆರವು ಕೂಡ ಸರಿಯಾಗಿ ಇದೇ ವಯಸ್ಸಿನಲ್ಲಿ ಹಿಂದೆ ಸರಿಯುತ್ತದೆ. 2009ರ ಶಿಕ್ಷಣ ಹಕ್ಕು ಕಾಯಿದೆ 6ರಿಂದ 14 ವರ್ಷದ ಮಕ್ಕಳಿಗೆ ಸಂಬಂಧಿಸಿದ್ದು. ಎಂಟನೆಯ ತರಗತಿ ಮುಗಿಯುವ ಹೊತ್ತಿಗೆ ಅದರ ರಕ್ಷಣೆ ಮುಗಿಯುತ್ತದೆ. ಬಾಲಕಾರ್ಮಿಕ ಕಾಯಿದೆಗೆ 2016ರಲ್ಲಿ ಆದ ತಿದ್ದುಪಡಿ 14 ತುಂಬಿದ ಕಿಶೋರರನ್ನು ಅಪಾಯಕಾರಿ ಕೆಲಸಗಳಿಂದ ಮಾತ್ರ ದೂರವಿರಿಸಿದೆ. ಹೀಗೆ ಒಂಬತ್ತು ಮತ್ತು ಹತ್ತನೆಯ ತರಗತಿಗಳ ಎರಡು ವರ್ಷ ಹಳ್ಳಿಯ ಬಡಮಗು ಕಾವಲಿಲ್ಲದ ತೋಟದಂತಾಗುತ್ತದೆ. ಸರ್ಕಾರ ಇದನ್ನು ಅರಿಯದೆ ಇಲ್ಲ. 2006-07ರಿಂದ ಹಲವು ವರ್ಷ ಕರ್ನಾಟಕದಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಬೈಸಿಕಲ್ ಕೊಡಲಾಯಿತು. 2008ರಲ್ಲಿ ಕೇಂದ್ರ ಸರ್ಕಾರವು ಒಂಬತ್ತನೆಯ ತರಗತಿಗೆ ಸೇರಿದ ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಬಾಲಕಿಯರ ಹೆಸರಿನಲ್ಲಿ 3,000 ರೂಪಾಯಿ ಠೇವಣಿಯಿಡುವ ಯೋಜನೆಯನ್ನು ಆರಂಭಿಸಿತು. ಹತ್ತನೆಯ ತರಗತಿ ತೇರ್ಗಡೆಯಾಗಿ 18 ವರ್ಷ ತುಂಬಿದ ಮೇಲೆ ಬಡ್ಡಿಸಹಿತ ಹಣ ಅವಳ ಕೈಸೇರಬೇಕೆಂಬುದು ನಿಯಮ. ಮೊತ್ತ ಅಲ್ಪವಾದರೂ ತತ್ತ್ವ ಸರಿಯಾಗಿತ್ತು: ಓದನ್ನು ಮುಗಿಸುವುದಕ್ಕೇ ಬಹುಮಾನ.

ಈ ತತ್ತ್ವವನ್ನು ಒಬ್ಬ ವರ್ತಕನೇ ಆಚರಣೆಗೆ ತಂದ ನಿದರ್ಶನ ಅಮೆರಿಕದಲ್ಲಿದೆ. 1981ರಲ್ಲಿ ಯೂಜೀನ್ ಲ್ಯಾಂಗ್ ಎಂಬ ಉದ್ಯಮಿ ತಾನು ಓದಿದ ನ್ಯೂಯಾರ್ಕಿನ ಹಾರ್ಲೆಮ್ ಪ್ರದೇಶದ ಶಾಲೆಗೆ ಭಾಷಣ ಮಾಡಲು ಹೋದನು. ಎದುರಿಗಿದ್ದ ಆರನೆಯ ತರಗತಿಯ ಸುಮಾರು 60 ಬಡಮಕ್ಕಳಲ್ಲಿ ಬಹುಪಾಲು ಪ್ರೌಢಶಾಲೆಯನ್ನೇ ಮುಗಿಸಲಾರರೆಂದು ತಿಳಿದು, ಮುಗಿಸಿದವರ ಕಾಲೇಜು ಶುಲ್ಕದ ಹೊಣೆ ತನ್ನದೆಂದು ಮಾತು ಕೊಟ್ಟನು. ಅಷ್ಟಕ್ಕೇ ನಿಲ್ಲದೆ, ಆ ಮಕ್ಕಳನ್ನು ವಿಚಾರಿಸಿಕೊಳ್ಳಲು ಒಬ್ಬ ಸಮಾಜಸೇವಕನನ್ನು ನೇಮಿಸಿ, ತಾನೂ ಅವರನ್ನು ಕರೆಸಿ ಮಾತನಾಡುತ್ತಿದ್ದನು. ಅವರಲ್ಲಿ ಹೆಚ್ಚಿನವರು ಪ್ರೌಢಶಾಲೆಯನ್ನು ಪೂರೈಸಿದರು. ಅದೇ ದೇಶದ ಅರ್ಥಶಾಸ್ತ್ರಜ್ಞ ರೋಲಂಡ್ ಫ್ರೈಯರ್ 2011ರಲ್ಲಿ ಪ್ರಕಟಿಸಿದ ಪ್ರಯೋಗಗಳೂ ಗಮನಾರ್ಹ. ಪರೀಕ್ಷೆಯ ಅಂಕಗಳಿಗಾಗಿ ಹಣ ಕೊಟ್ಟಾಗ ಕಲಿಕೆ ಹೆಚ್ಚಲಿಲ್ಲ. ಡಲ್ಲಾಸ್ ನಗರದಲ್ಲಿ ಓದಿದ ಒಂದೊಂದು ಪುಸ್ತಕಕ್ಕೂ 2 ಡಾಲರ್ ಕೊಟ್ಟಾಗ ಓದುವ ಶಕ್ತಿ ಹೆಚ್ಚಿತು. ಫಲಕ್ಕಿಂತ ಮಗುವಿನ ಕೈಯಲ್ಲಿರುವ ಪ್ರಯತ್ನಕ್ಕೆ ಕೊಟ್ಟ ಬಹುಮಾನ ಸಾರ್ಥಕವಾಯಿತು. ಇಲ್ಲಿನ ಸಮಾರಂಭಗಳಾದರೋ ಅಂಕವನ್ನೇ ಪೂಜಿಸುತ್ತಿವೆ.

ಅಮೆರಿಕದ ಮಾತು ದೂರವೆನಿಸಿದರೆ ಕರ್ಮವೀರ ಭಾವೂರಾವ್ ಪಾಟೀಲರನ್ನು ನೆನೆಯಬಹುದು. ಕೊಲ್ಲಾಪುರ ಸೀಮೆಯ ಕುಂಭೋಜದಲ್ಲಿ 1887ರಲ್ಲಿ ಜೈನ ಮನೆತನದಲ್ಲಿ ಜನಿಸಿದ ಇವರ ಪೂರ್ವಜರು ಮೂಡುಬಿದಿರೆಯ ಕಡೆಯವರೆಂದು ಪ್ರತೀತಿ. 1919ರಲ್ಲಿ ರಯತ ಶಿಕ್ಷಣ ಸಂಸ್ಥೆಯನ್ನೂ 1924ರಲ್ಲಿ ಸಾತಾರಾದಲ್ಲಿ ಎಲ್ಲ ಜಾತಿಯ ಬಡಮಕ್ಕಳು ಒಟ್ಟಿಗೆ ಉಣ್ಣುವ ವಿದ್ಯಾರ್ಥಿನಿಲಯವನ್ನೂ ಸ್ಥಾಪಿಸಿದರು. ಮಕ್ಕಳಿಗೆ ದವಸ ತರಲು ಹಣವಿಲ್ಲದಾಗ ಅವರ ಪತ್ನಿ ಲಕ್ಷ್ಮೀಬಾಯಿ ತಮ್ಮ ಮಾಂಗಲ್ಯವನ್ನೂ ಕೊಟ್ಟರು. ತುಮಕೂರು ಜಿಲ್ಲೆಯಲ್ಲೇ ಸಿದ್ಧಗಂಗೆಯ ಶ್ರೀ ಶಿವಕುಮಾರ ಸ್ವಾಮಿಗಳವರು ಸಾವಿರಾರು ಮಕ್ಕಳಿಗೆ ಜಾತಿಭೇದವಿಲ್ಲದೆ ಅನ್ನ, ಅಕ್ಷರ, ಆಶ್ರಯಗಳನ್ನು ಕೊಟ್ಟದ್ದು ಎಲ್ಲರೂ ಬಲ್ಲ ವಿಷಯ.

ಇಷ್ಟು ಹೇಳಿದಾಗ ಮೂರು ಆಕ್ಷೇಪಗಳು ಏಳುತ್ತವೆ. ಮೊದಲನೆಯದು, ಓದುವುದು ಮಗುವಿನ ಕರ್ತವ್ಯ, ಅದಕ್ಕೆ ಹಣ ಕೊಡುವುದು ಲಂಚ ಎಂಬುದು. ಹಾಗಾದರೆ 90 ಪಡೆದವನಿಗೆ ಕೊಡುವ ಲಕೋಟೆಯೂ ಲಂಚವೇ ಆಗಬೇಕು. ಉಳ್ಳವನಿಗೆ ಪುರಸ್ಕಾರ, ಇಲ್ಲದವನಿಗೆ ಲಂಚ ಎಂಬ ಎರಡು ತಕ್ಕಡಿ ಸಲ್ಲದು. ಎರಡನೆಯದು, ಇದರಿಂದ ವಿದ್ಯೆಯ ಮಟ್ಟ ಇಳಿಯುತ್ತದೆ ಎಂಬುದು. ಬೆಳಗ್ಗೆ ದನ ಕಟ್ಟಿ, ತಮ್ಮನನ್ನು ನೋಡಿಕೊಂಡು, ಮೈಲಿಗಟ್ಟಲೆ ನಡೆದು ಹೋಗಿ 35 ಅಂಕ ಪಡೆದ ಹುಡುಗಿಯ ಸಾಧನೆ ಮನೆಪಾಠದ 95ಕ್ಕಿಂತ ಕಡಿಮೆಯೆಂದು ಹೇಳುವವರು ಒಂದು ವಾರ ಅವಳ ಬಾಳನ್ನು ಬಾಳಿ ನೋಡಲಿ. ಮೂರನೆಯದು, ಅವರು ಅನ್ಯ ಸಮಾಜದ ಮಕ್ಕಳು ಎಂಬುದು. ಕೊಬ್ಬರಿ ಒಡೆಯುವಾಗ ಆ ಕೈಗಳು ಅನ್ಯವಾಗಲಿಲ್ಲ. ಬಹುಮಾನ ಕೊಡುವಾಗ ಮಾತ್ರ ಅನ್ಯವಾಗುವುದು ಹೇಗೆ? ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಅತಿಭಾರಾರೋಪಣವೂ ಒಂದು. ಎತ್ತಿನ ಬೆನ್ನಿಗೆ ಮಿತಿಮೀರಿ ಹೇರುವುದೇ ದೋಷವಾದರೆ, ಓದುವ ಮಗುವಿನ ಹೆಗಲಿಗೆ ಸಂಸಾರದ ಭಾರ ಹೇರಿ ಅದರ ದುಡಿಮೆಯಿಂದ ಲಾಭ ಗಳಿಸುವುದು ಹೇಗೆ ನಿರ್ದೋಷವಾದೀತು? ಜೂನ್‌ನಲ್ಲಿ ಪುರಸ್ಕಾರ ಕೊಟ್ಟು, ಪರೀಕ್ಷೆ ಸಮೀಪಿಸಿದ ಫೆಬ್ರುವರಿಯಲ್ಲಿ ಹತ್ತನೆಯ ತರಗತಿಯ ಹುಡುಗನನ್ನು ಕೂಲಿಗೆ ಕರೆಯುವ ವರ್ತಕನು ಬಲಗೈಯಿಂದ ಕೊಟ್ಟದ್ದನ್ನು ಎಡಗೈಯಿಂದ ಕಿತ್ತುಕೊಳ್ಳುತ್ತಾನೆ. ಕಾನೂನು ಬಿಟ್ಟದ್ದನ್ನೆಲ್ಲ ಧರ್ಮ ಬಿಟ್ಟಿದೆಯೆಂದು ತಿಳಿಯಬಾರದು.

ಆಗಬೇಕಾದ ಕೆಲಸ ಸರಳವಾಗಿದೆ. ಬಸದಿಯ ಟ್ರಸ್ಟು, ಮಂಡಿಯ ವರ್ತಕರು, ಪ್ರೌಢಶಾಲೆಯ ಮುಖ್ಯೋಪಾಧ್ಯಾಯರು ಮತ್ತು ಶಾಲಾಭಿವೃದ್ಧಿ ಸಮಿತಿಯವರು ಒಂದೆಡೆ ಕುಳಿತು, ಹಾಜರಿ ಕುಸಿಯುತ್ತಿರುವ ಮಕ್ಕಳನ್ನು ಎಂಟನೆಯ ತರಗತಿಯಲ್ಲೇ ಗುರುತಿಸಬೇಕು. ಪ್ರತಿ ಮಗುವಿನ ಹೆಸರಿನಲ್ಲಿ ಅಂಚೆ ಕಚೇರಿಯಲ್ಲಿ ಖಾತೆ ತೆರೆದು, ವರ್ಷಾಂತ್ಯದವರೆಗೂ ಶಾಲೆ ಬಿಡದಿದ್ದರೆ 3,000 ರೂಪಾಯಿ ಜಮೆ ಮಾಡಬೇಕು. ಎಸ್.ಎಸ್.ಎಲ್.ಸಿ. ಮುಗಿಸಿದ ದಿನ ಮೊತ್ತ ಮಗುವಿಗೆ ಸಲ್ಲಬೇಕು. ಅಂಕ ಎಷ್ಟೆಂದು ಕೇಳಬಾರದು. ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳು ನಡೆಯುತ್ತಿರುವುದರಿಂದ, ಮೊದಲನೆಯದರಲ್ಲಿ ತಪ್ಪಿದವರಿಗೆ ಕೂಡಲೇ ಪಾಠ ಹೇಳಿಸಿ ಮತ್ತೆ ಕೂರಿಸಬೇಕು. ತಿಂಗಳಿಗೊಮ್ಮೆ ಹಿರಿಯರೊಬ್ಬರು ಮನೆಗೆ ಹೋಗಿ ವಿಚಾರಿಸಬೇಕು. ಶಾಲೆಯ ದಿನಗಳಲ್ಲಿ ಓದುವ ಮಕ್ಕಳನ್ನು ಕೆಲಸಕ್ಕೆ ಕರೆಯುವುದಿಲ್ಲವೆಂದು ಮಂಡಿಯವರು ನಿಯಮ ಹಿಡಿಯಬೇಕು. ಮಕ್ಕಳ ಬಡತನದ ಭಾವಚಿತ್ರ ಎಲ್ಲಿಯೂ ಅಚ್ಚಾಗಬಾರದು. ಲೆಕ್ಕ ಮಾತ್ರ ಪ್ರತಿವರ್ಷ ಅಚ್ಚಾಗಬೇಕು.

ಇದರ ವೆಚ್ಚವೆಷ್ಟು? 20 ಮಕ್ಕಳಿಗೆ ಮೂರು ವರ್ಷಕ್ಕೆ 1,80,000 ರೂಪಾಯಿ. ಕ್ವಿಂಟಲಿಗೆ 20,000ದಂತೆ ಎಣಿಸಿದರೆ ಒಂಬತ್ತು ಕ್ವಿಂಟಲ್ ಕೊಬ್ಬರಿಯ ಬೆಲೆ. ಮಂಡಿಯ ಹತ್ತು ವರ್ತಕರು ಹಂಚಿಕೊಂಡರೆ ಒಬ್ಬರ ಪಾಲಿಗೆ ಮೂರು ವರ್ಷದಲ್ಲಿ ಒಂದು ಕ್ವಿಂಟಲ್ ಕೂಡ ಬರುವುದಿಲ್ಲ.

ತೆಂಗಿನ ಸೀಮೆಯ ರೈತನು ಕಾಯಿಯನ್ನು ಅಟ್ಟಕ್ಕೇರಿಸಿ ಹತ್ತು ಹನ್ನೊಂದು ತಿಂಗಳು ಕಾಯುತ್ತಾನೆ. ನಡುವೆ ಇಳಿಸಿದ ಕಾಯಿ ಕೊಬ್ಬರಿಯಾಗದು. ಒಂಬತ್ತನೆಯ ತರಗತಿಯಲ್ಲಿ ಶಾಲೆಯಿಂದಿಳಿದ ಮಗುವಿನ ಗತಿಯೂ ಅದೇ. ಕಾಯಿಗೆ ತೋರುವ ತಾಳ್ಮೆಯನ್ನು ಮಗುವಿಗೆ ತೋರಲಾಗದ ಸಮಾಜವು ಜ್ಞಾನದಾನದ ಹೆಸರೆತ್ತಲು ಅರ್ಹವಲ್ಲ. ಮುಂದಿನ ಫಲಿತಾಂಶದ ಹೊತ್ತಿಗೆ ಶಾಲು ಸ್ಮರಣಿಕೆಗಳ ಖರ್ಚನ್ನು ಅರ್ಧಕ್ಕಿಳಿಸಿ, ಉಳಿದರ್ಧದಿಂದ ಈ ಖಾತೆಗಳನ್ನು ತೆರೆಯಲು ಟ್ರಸ್ಟುಗಳು ನಿರ್ಣಯ ಕೈಗೊಳ್ಳಲಿ. ಕೈಗೊಳ್ಳದಿದ್ದರೆ, ಆ ವೆಚ್ಚಕ್ಕೆ ಜ್ಞಾನದಾನವೆಂಬ ಹೆಸರನ್ನಾದರೂ ಬಿಡಲಿ.