ಬೆಳಕು ಯಾವ ದಿಕ್ಕಿಗೆ ಕಂಪಿಸುತ್ತದೆ?

ಸಿಂಧನೂರಿನ ಬಯಲಿನಲ್ಲಿ ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಭತ್ತದ ಗದ್ದೆಗಳಲ್ಲಿ ನಿಂತಿರುವಾಗ, ಹೊತ್ತು ಏರುತ್ತಿದ್ದಂತೆ ಅದರ ಥಳಥಳಿಕೆಗೆ ಕಣ್ಣು ಕುಕ್ಕುವುದನ್ನು ಆ ಭಾಗದ ವಾಚಕರಿಗೆ ನಾವು ವರ್ಣಿಸಿ ಹೇಳಬೇಕಾಗಿಲ್ಲ. ಪೇಟೆಯಲ್ಲಿ ಪೋಲರಾಯ್ಡ್ ಎಂಬ ಕನ್ನಡಕ ದೊರೆಯುತ್ತದೆ. ಅದರ ಒಂದು ಗಾಜನ್ನು ಕಣ್ಣಿನ ಮುಂದೆ ಹಿಡಿದು ಮೆಲ್ಲಗೆ ತಿರುಗಿಸಿ ನೋಡಿರಿ. ಒಂದು ನಿಲುವಿನಲ್ಲಿ ಹೊಳಪು ಅಡಗಿ ನೀರಿನಡಿಯ ಕೆಸರು ಕಾಣುವುದು, ಕಾಲುಸುತ್ತು ತಿರುಗಿಸಿದರೆ ಹೊಳಪು ಮರಳಿ ಬರುವುದು. ಕಾರಣವಿಷ್ಟೆ: ಬೆಳಕು ತಾನು ಸಾಗುವ ದಾರಿಗೆ ಅಡ್ಡವಾಗಿ ಕಂಪಿಸುತ್ತದೆ. ಸೂರ್ಯನಿಂದ ನೇರವಾಗಿ ಬಂದ ಬೆಳಕಿನಲ್ಲಿ ಈ ಕಂಪನವು ಎಲ್ಲ ಕಡೆಗೂ ಸಮನಾಗಿರುತ್ತದೆ; ನೀರಿಗೆ ಬಡಿದು ಮರಳಿದ ಬೆಳಕಿನಲ್ಲಿ ನೆಲಕ್ಕೆ ಸಮಾನಾಂತರವಾದ ಕಂಪನವೇ ಹೆಚ್ಚು. ಹೀಗೆ ಒಂದು ದಿಕ್ಕಿಗೆ ಒಲಿದಿರುವುದನ್ನು ಶಾಸ್ತ್ರಜ್ಞರು ಧ್ರುವೀಕರಣವೆನ್ನುತ್ತಾರೆ. ಬೆಳಕು ಹೇಗೆ ಹುಟ್ಟಿತೆಂಬುದರ ಗುರುತು ಅದರಲ್ಲಿ ಉಳಿದಿರುತ್ತದೆ.

ಈ ಗುರುತನ್ನು ಗಾಮಾಸ್ಫೋಟಗಳಲ್ಲಿ ಹುಡುಕುವ ಕೆಲಸವನ್ನು ಕುರಿತು ಈ ಸಲ ಬರೆಯುವೆವು. 1915ರಲ್ಲಿ ಮಸ್ಕಿಯ ಬಂಡೆಯ ಮೇಲೆ ಅಶೋಕನ ಹೆಸರುಳ್ಳ ಶಾಸನವು ಕಣ್ಣಿಗೆ ಬಿದ್ದುದು ಚಿನ್ನದ ಗಣಿಯ ಇಂಜಿನಿಯರಾದ ಬೀಡನ್ ಎಂಬವರಿಗಷ್ಟೆ. ಗಾಮಾಸ್ಫೋಟಗಳೂ ಹಾಗೆಯೇ, ಬೇರೊಂದನ್ನು ಅರಸುತ್ತಿದ್ದವರಿಗೆ ದೊರೆತವು. ಗುಟ್ಟಾಗಿ ಅಣುಬಾಂಬು ಸಿಡಿಸುವವರನ್ನು ಕಾಯಲೆಂದು ಅಮೆರಿಕದವರು ಹಾರಿಸಿದ್ದ ವೇಲಾ ಉಪಗ್ರಹಗಳು 1967ರ ಜುಲೈ 2ರಂದು ಆಕಾಶದಿಂದ ಬಂದ ಗಾಮಾಕಿರಣಗಳ ಮಿಂಚೊಂದನ್ನು ಕಂಡವು. ಇಂಥ ಮಿಂಚುಗಳ ಸಂಗತಿ ಲೋಕಕ್ಕೆ ತಿಳಿದುದು 1973ರಲ್ಲಿ. ಬಲು ದೊಡ್ಡ ನಕ್ಷತ್ರ ಕುಸಿಯುವಾಗ, ಇಲ್ಲವೆ ಎರಡು ನ್ಯೂಟ್ರಾನ್ ನಕ್ಷತ್ರಗಳು ಬೆರೆತು ಒಂದಾಗುವಾಗ, ಹೆಚ್ಚುಕಡಮೆ ಬೆಳಕಿನಷ್ಟೇ ವೇಗವಾಗಿ ಚಿಮ್ಮುವ ಧಾರೆಯಿಂದ ಇವು ಹುಟ್ಟುತ್ತವೆ. ಆ ಧಾರೆಯನ್ನು ನಡೆಸುವುದು ಕ್ರಮವಾಗಿ ಹೆಣೆದ ಕಾಂತಕ್ಷೇತ್ರವೋ, ಬರಿಯ ಬೆಂಕಿಯ ಉಬ್ಬರವೋ? ಮೊದಲನೆಯದಾದರೆ ಧ್ರುವೀಕರಣ ಹೆಚ್ಚಾಗಿ ಕಾಣಬೇಕು. ಎರಡನೆಯದಾದರೆ ಸಾಮಾನ್ಯವಾಗಿ ಕಡಮೆ. ವಿವಾದವಿರುವುದು ಇಲ್ಲಿಯೇ.

ಗಾಮಾಕಿರಣಕ್ಕೆ ಕನ್ನಡಕ ನಡೆಯದು. ಅದು ಗಾಜನ್ನು ತೂರಿ ಹೋಗುತ್ತದೆ. ಬೇರೆ ಉಪಾಯ ಬೇಕು. 2015ರ ಸೆಪ್ಟೆಂಬರ್ 28ರಂದು ಶ್ರೀಹರಿಕೋಟೆಯಿಂದ ಹಾರಿಸಿದ, ಬೆಂಗಳೂರಿನಿಂದ ನಿಯಂತ್ರಿಸುವ ಆಸ್ಟ್ರೋಸ್ಯಾಟ್ ಉಪಗ್ರಹದಲ್ಲಿ ಕ್ಯಾಡ್ಮಿಯಂ, ಸತು ಮತ್ತು ಟೆಲ್ಯುರಿಯಂ ಬೆರೆತ ಹರಳುಗಳ ಯಂತ್ರವೊಂದುಂಟು. ಅದರಲ್ಲಿ 64 ಬಿಲ್ಲೆಗಳು, ಒಂದೊಂದರಲ್ಲಿ 256 ಮನೆಗಳು, ಒಟ್ಟು 16,384. ಮನೆಯ ಅಗಲ ಸುಮಾರು ಎರಡೂವರೆ ಮಿಲಿಮೀಟರ್. ಕಿರಣವೊಂದು ಒಂದು ಮನೆಗೆ ತಾಗಿ, ಅಲ್ಲಿಂದ ಚದುರಿ ನೆರೆಮನೆಯಲ್ಲಿ ಅಡಗಿದರೆ ಎರಡೂ ಮನೆಗಳು ಒಟ್ಟಿಗೆ ಸದ್ದು ಮಾಡುತ್ತವೆ. ಚದುರುವ ಕಿರಣಕ್ಕೆ ತನ್ನ ಕಂಪನಕ್ಕೆ ಅಡ್ಡವಾದ ದಿಕ್ಕಿನಲ್ಲಿಯೇ ಹೆಚ್ಚು ಒಲವು. ಆದುದರಿಂದ ಸುತ್ತಲಿನ ಎಂಟು ಮನೆಗಳಿಗೆ ಎಷ್ಟೆಷ್ಟು ಕಿರಣಗಳು ಹಾರಿದುವೆಂದು ಎಣಿಸಿದರೆ ಕಂಪನದ ದಿಕ್ಕು ತಿಳಿಯುವುದು. ಹೇಳುವುದು ಸುಲಭ. ಮೂಲೆಯ ಮನೆಗೆ ಪಕ್ಕದ ಮನೆಗಿಂತ ಪಾಲು ಹೇಗೂ ಕಡಮೆ. ಉಪಗ್ರಹದ ಒಡಲೇ ಕಿರಣಗಳನ್ನು ಚದುರಿಸುತ್ತದೆ. ಸ್ಫೋಟವೋ ಎಷ್ಟೋ ಸಲ ಅರೆನಿಮಿಷದಲ್ಲಿ ಮುಗಿದಿರುತ್ತದೆ. ಇವನ್ನೆಲ್ಲ ಕಳೆದ ಮೇಲೆ ಉಳಿಯುವ ಸಣ್ಣ ವ್ಯತ್ಯಾಸವೇ ಫಲ.

ಇಲ್ಲಿ ಎಡವುವುದು ಎಷ್ಟು ಸುಲಭವೆಂಬುದಕ್ಕೆ ಸಾಕ್ಷಿಯುಂಟು. 2002ರ ಡಿಸೆಂಬರ್ 6ರ ಸ್ಫೋಟದಲ್ಲಿ ನೂರಕ್ಕೆ 80ರಷ್ಟು ಧ್ರುವೀಕರಣವಿದೆಯೆಂದು ಅಮೆರಿಕದ ಇಬ್ಬರು ವಿದ್ವಾಂಸರು 2003ರಲ್ಲಿ ಸಾರಿದರು; ಮರುವರ್ಷ ಅದೇ ಅಂಕಿಗಳನ್ನು ಹಿಡಿದು ಲೆಕ್ಕ ಹಾಕಿದ ಇತರರಿಗೆ ಅದು ಕಾಣಲಿಲ್ಲ. 2019ರಲ್ಲಿಯೂ ಅಂಥದೇ ಪೇಚು. ನಮ್ಮ ಯಂತ್ರವು ಮೊದಲ ವರ್ಷ ಕಂಡ 11 ಸ್ಫೋಟಗಳಲ್ಲಿ ಹಲವು ಬಹಳ ಧ್ರುವೀಕೃತವಾಗಿ ತೋರಿದುವು. ಚೀನದ ಆಕಾಶನೌಕೆಯಲ್ಲಿದ್ದ ಪೋಲಾರ್ ಯಂತ್ರವು ಐದು ಸ್ಫೋಟಗಳನ್ನು ಅಳೆದು ಧ್ರುವೀಕರಣ ಸ್ವಲ್ಪವೇ ಎಂದಿತು. 2022ರ ವೇಳೆಗೆ ಐದು ವರ್ಷಗಳ 20 ಸ್ಫೋಟಗಳನ್ನು ಇನ್ನೂ ಎಚ್ಚರದಿಂದ ಅಳೆದಾಗ ಬಹುಪಾಲಿನಲ್ಲಿ ಧ್ರುವೀಕರಣ ಹೆಚ್ಚಿಲ್ಲವೆಂದು ನಮ್ಮವರೂ ಹೇಳಿದರು. ತಮ್ಮ ಮೊದಲಿನ ಮಾತಿಗೆ ಜೋತುಬೀಳದಿದ್ದುದು ನಮಗೆ ಮೆಚ್ಚುಗೆಯಾಯಿತು.

ಆದರೆ 2016ರ ಆಗಸ್ಟ್ 21ರ ಸ್ಫೋಟವು ಬೇರೊಂದು ಸುಳಿವನ್ನು ಕೊಟ್ಟಿದೆ. ಅದು ಉರಿಯುತ್ತಿದ್ದಾಗಲೇ ಕಂಪನದ ದಿಕ್ಕು ಎರಡು ಸಲ ಸುಮಾರು 90 ಅಂಶ ಹೊರಳಿತು. ಒಬ್ಬನು ಅಳಿಸಿದ ಗೆರೆಯನ್ನು ಇನ್ನೊಬ್ಬನು ಎಳೆದಂತೆ, ಅಡ್ಡ ಉದ್ದ ಕಂಪನಗಳು ಒಟ್ಟುಲೆಕ್ಕದಲ್ಲಿ ಒಂದನ್ನೊಂದು ತಿಂದುಹಾಕಬಲ್ಲವು. ಇಡೀ ಸ್ಫೋಟಕ್ಕೆ ಸೊನ್ನೆ ಬಂದ ಮಾತ್ರಕ್ಕೆ ಕ್ಷಣಕ್ಷಣಕ್ಕೂ ಸೊನ್ನೆಯಿತ್ತೆನ್ನುವಂತಿಲ್ಲ.

ಈ ಬೆಳಕಿನ ವಯಸ್ಸನ್ನೂ ಹೇಳಿಬಿಡುವೆವು. 2022ರ ಅಕ್ಟೋಬರ್ 9ರಂದು ತಲಪಿದ, ಈ ವರೆಗೆ ಕಂಡವುಗಳಲ್ಲೆಲ್ಲ ಪ್ರಖರವಾದ ಸ್ಫೋಟದ ಬೆಳಕು ಹೊರಟು ಸುಮಾರು 190 ಕೋಟಿ ವರ್ಷಗಳಾಗಿದ್ದುವು. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಚಿನ್ನವನ್ನು ಅಗೆದು ತೆಗೆಯುವ ಕಲ್ಲುಪದರಗಳು ಆಗಲೇ ಹಳೆಯವಾಗಿದ್ದುವು. ಅವುಗಳ ವಯಸ್ಸು 250 ಕೋಟಿ ವರ್ಷಗಳಿಗೂ ಮಿಗಿಲು.

2024ರ ಜನವರಿ 1ರಂದು ಹಾರಿದ ಎಕ್ಸ್‌ಪೋಸ್ಯಾಟ್ ಉಪಗ್ರಹದಲ್ಲಿ ಬೆಂಗಳೂರಿನ ರಾಮನ್ ಸಂಶೋಧನ ಸಂಸ್ಥೆಯವರು ಕಟ್ಟಿದ ಪೋಲಿಕ್ಸ್ ಎಂಬ ಧ್ರುವೀಕರಣಮಾಪಕವಿದೆ. ಒಂದೇ ನಕ್ಷತ್ರವನ್ನು ಬಹುದಿನ ದಿಟ್ಟಿಸಿ ಎಕ್ಸ್ ಕಿರಣಗಳನ್ನು ಅಳೆಯುವುದು ಅದರ ಕೆಲಸ. ಎಲ್ಲಿ ಯಾವಾಗ ಮಿಂಚುವುದೋ ತಿಳಿಯದ ಗಾಮಾಸ್ಫೋಟಕ್ಕೆ ಇಡೀ ಆಕಾಶವನ್ನು ಒಮ್ಮೆಗೇ ಕಾಯುವ ಯಂತ್ರ ಬೇಕು. ಎರಡು ಉಪಗ್ರಹಗಳ ‘ದಕ್ಷ’ ಎಂಬ ಅಂಥದೊಂದು ಪ್ರಸ್ತಾವವನ್ನು ಭಾರತದ ಶಾಸ್ತ್ರಜ್ಞರು ಮುಂದಿಟ್ಟಿದ್ದಾರೆ.