ಕೈ ನಿಂತರೆ ಪದ ನಿಲ್ಲುವುದು



ವೈಶಾಖದ ಬಿಸಿಲು ನಮ್ಮ ಬೀದರ ಪ್ರಾಂತದಲ್ಲಿ ಎಂತಹುದೆಂಬುದನ್ನು ಅನುಭವಿಸಿದವರೇ ಬಲ್ಲರು. ಆದರೂ ಅಕ್ಷಯ ತೃತೀಯೆಯು ಬಂದಿತೆಂದರೆ ನಾನು ನಿರ್ಣಾದಿಂದ ಹುಮನಾಬಾದಿನ ಮಾರ್ಗವಾಗಿ ಬಸವಕಲ್ಯಾಣಕ್ಕೆ ಹೋಗದಿರಲಾರೆನು. 1913ರಲ್ಲಿ ಹರ್ಡೇಕರ ಮಂಜಪ್ಪನವರು ದಾವಣಗೆರೆಯಲ್ಲಿ ಸಾರ್ವಜನಿಕವಾಗಿ ಆಚರಿಸಲಾರಂಭಿಸಿದ ಬಸವಜಯಂತಿಯು ಕಲ್ಯಾಣದಲ್ಲಿ ಇಂದು ದೊಡ್ಡ ಉತ್ಸವವಾಗಿರುವುದು. ಹಗಲು ಮೆರವಣಿಗೆ, ಭಾಷಣ. ನನ್ನ ಮನಸ್ಸಾದರೋ ರಾತ್ರಿಯನ್ನೇ ಕಾಯುತ್ತಿರುವುದು. ತದಿಗೆಯ ಎಳೆಚಂದ್ರನು ಬೇಗನೆ ಅಸ್ತಮಿಸಿದ ಮೇಲೆ ತ್ರಿಪುರಾಂತಕ ಕೆರೆಯ ದಡದಲ್ಲಿ ಹಳ್ಳಿಗರು ಗುಂಪುಗೂಡಿ, ಏಕತಾರಿ ತಾಳಗಳೊಡನೆ ತತ್ತ್ವಪದಗಳನ್ನು ಹಾಡುವರು. ನೀರಿನ ಮೇಲಿಂದ ಬರುವ ತಂಗಾಳಿಯು ಹಗಲಿನ ಬೇಗೆಯನ್ನೆಲ್ಲ ಮರೆಯಿಸುವುದು.

ಈ ವರುಷ ಭಜನೆಯು ಮುಗಿದ ತರುವಾಯ ವೃದ್ಧೆಯೊಬ್ಬಳು ಬೀಸುವ ಪದವನ್ನು ಎತ್ತಿಕೊಂಡಳು. ಅಲ್ಲಿ ಬೀಸುವ ಕಲ್ಲಿರಲಿಲ್ಲ. ಆದರೂ ಅವಳ ಬಲಗೈಯು ಗೂಟವನ್ನು ಹಿಡಿದಂತೆ ಸುತ್ತುತ್ತಲೇ ಇದ್ದಿತು. ನಾನು ಲೇಖನಿಯನ್ನು ತೆಗೆದು, “ತಾಯಿ, ನಿಧಾನವಾಗಿ ಹೇಳಿರಿ, ಬರೆದುಕೊಳ್ಳುವೆನು” ಎಂದೆನು. ಅವಳು ಕೈಯನ್ನು ನಿಲ್ಲಿಸಿದಳು. ಮುಂದಿನ ಸಾಲು ಬರಲಿಲ್ಲ. “ಕೈ ನಿಂತರ ಪದಾ ನಿಲ್ತದ್ರೀ, ಮಾಸ್ತರ” ಎಂದು ನಕ್ಕಳು.

ಆ ಮಾತು ನನಗೆ ನಾಟಿತು. ಬಾಲ್ಯದಲ್ಲಿ ನಾನು ಬೆಳಗಿನ ಜಾವ ಶಬ್ದರೂಪಗಳನ್ನು ಬಾಯಿಪಾಠ ಮಾಡುತ್ತಿದ್ದಾಗ, ಪಕ್ಕದಲ್ಲಿಯೇ ನನ್ನ ತಾಯಿಯು ಜೋಳ ಬೀಸುತ್ತ ಹಾಡುತ್ತಿದ್ದಳು. “ಈ ಅಶುದ್ಧ ಪದಗಳನ್ನು ನಿಲ್ಲಿಸು” ಎಂದು ಒಮ್ಮೆ ಗದರಿದೆನು. ಅವಳು ಮರುಮಾತನಾಡಲಿಲ್ಲ. ಅಂದಿನಿಂದ ಕಲ್ಲಿಗೆ ಮಾತ್ರ ಕೇಳಿಸುವಷ್ಟು ಮೆಲ್ಲಗೆ ಹಾಡಿದಳು. ಊರಿಗೆ ಹಿಟ್ಟಿನ ಗಿರಣಿಯು ಬಂದ ಮೇಲೆ ಅದೂ ನಿಂತಿತು.

ಇದೇ ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಸುಮಾರು 1129ರಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ವನ್ನು ನಾನು ಮುಂದೆ ಓದಿದೆನು. ಗೀತಪ್ರಕಾರಗಳನ್ನು ಎಣಿಸುವಾಗ ಆತನು, ಮಹಾರಾಷ್ಟ್ರದ ಸ್ತ್ರೀಯರು ಧಾನ್ಯ ಕುಟ್ಟುತ್ತ ಹಾಡುವ ಓವಿಯನ್ನೂ ಬಿಟ್ಟಿಲ್ಲ. ಅರಮನೆಯಲ್ಲಿದ್ದ ಅರಸನಿಗೆ ಕೇಳಿಸಿದ ಒನಕೆಯ ಹಾಡು, ಮಗ್ಗುಲಲ್ಲಿ ಕುಳಿತ ನನಗೆ ಕೇಳಿಸದೆ ಹೋಯಿತು! ಹಲಸಂಗಿಯ ಗೆಳೆಯರು 1931ರಲ್ಲಿ ಪ್ರಕಟಿಸಿದ ‘ಗರತಿಯ ಹಾಡು’ ಸಂಗ್ರಹವನ್ನು ತರಗತಿಯಲ್ಲಿ ಕೊಂಡಾಡಿ ಬೋಧಿಸಿದೆನು. ಆಗಲೂ ಮನೆಗೆ ಬಂದು ತಾಯಿಯನ್ನು ಕೇಳಲಿಲ್ಲ. ಈಗ ಕೇಳೋಣವೆಂದರೆ ಅವಳಿಲ್ಲ.

ಕೆರೆಯ ದಡದಲ್ಲಿ ನಾನು ಲೇಖನಿಯನ್ನು ಒಳಗಿಟ್ಟೆನು. ವೃದ್ಧೆಯ ಕೈ ಮತ್ತೆ ಸುತ್ತತೊಡಗಿತು. ಅವಳ ಒಪ್ಪಿಗೆ ಪಡೆದು ಅವಳ ಮೊಮ್ಮಗನು ತನ್ನ ಮೊಬೈಲಿನಲ್ಲಿ ಹಾಡನ್ನು ಮುದ್ರಿಸಿದನು. ಮರುದಿನ ಅದನ್ನು ಕೇಳಿಕೇಳಿ ಬರೆದುಕೊಂಡೆನು. ಹದಿನೇಳು ತ್ರಿಪದಿಗಳಾದವು. ಅವುಗಳಲ್ಲಿ ಒಂದು, ನನ್ನ ತಾಯಿಯು ಹಾಡುತ್ತಿದ್ದುದೇ ಎಂದು ತೋರುವುದು, ನಿಶ್ಚಯವಾಗಿ ಹೇಳಲಾರೆನು.

ನಿಮ್ಮ ಮನೆಯಲ್ಲಿ ಹಾಡು ಬಲ್ಲ ಹಿರಿಯರಿದ್ದರೆ, ಬರೆಯಿಸಿರೆಂದು ಅವರನ್ನು ಪೀಡಿಸಬೇಡಿರಿ. ಮೊರವನ್ನೋ ಬತ್ತಿಯ ಹತ್ತಿಯನ್ನೋ ಕೈಗೆ ಕೊಟ್ಟು, ಸುಮ್ಮನೆ ಪಕ್ಕದಲ್ಲಿ ಕುಳಿತುಕೊಳ್ಳಿರಿ.